ಅವಳನ್ನು ಏಳನೇ ಮಹಡಿಯಲ್ಲಿ ಬಿಟ್ಟು ಬಂದಿದ್ದೇನೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತ ಯೋಚಿಸುತ್ತಿದ್ದೆ. ಮೇಲಿನಿಂದ ಶುರು ಮಾಡಿದರೆ ನಾಯಕಿಯನ್ನು ಕೆಳಗೆ ಇಳಿಸಲೇಬೇಕು. ಕೆಳಗಿನಿಂದ ಶುರು ಮಾಡಿದರೆ ಮೊದಲು ಹತ್ತಿಸಬೇಕು, ಲಿಫ್ಟ್ ಕೆಟ್ಟಿದೆಯೋ ಇಲ್ಲವೋ ಎಂಬುದನ್ನೆಲ್ಲ ಬರೆಯಬೇಕು. ಹೋಗಲಿ, ನಡುವಿನಿಂದಲೇ ಶುರು ಮಾಡಿಬಿಡೋಣ ಎಂದುಕೊಂಡು ಒದ್ದೆ ಬೆಡ್‌ಶೀಟನ್ನು ಹಗ್ಗದ ಮೇಲೆ ಎಸೆದೆನೋ ಇಲ್ಲವೋ, ಹಗ್ಗ ಕಿತ್ತುಕೊಂಡು ಬಂತು. ಗೋಡೆಯ ಮೊಳೆ ಸಮೇತ. ಮೂರು ಅಂಗಿ, ಎರಡು ಟವೆಲು, ಜೊತೆ ತಪ್ಪಿದ ಕಾಲುಚೀಲಗಳು, ಎಲ್ಲವೂ ಮಣ್ಣುಪಾಲು.

ಹಿತ್ತಲ ಬಾಗಿಲಲ್ಲಿ ನನ್ನ ಮಗಳು ನಿಂತಿದ್ದಳು. ಒಂಬತ್ತು ವರ್ಷ. ಶಾಲೆಗೆ ರಜೆ. ಐದು ತಿಂಗಳಿಂದ ಶೆಡ್ಡಿನಲ್ಲಿ ಹಳೇ ಪರದೆ ಹೊದ್ದು ಮಲಗಿದ್ದ ಸೈಕಲ್ಲನ್ನು ತಾನೇ ಹೊರಗೆ ಎಳೆದು ತಂದು, ಹ್ಯಾಂಡಲ್ ಹಿಡಿದುಕೊಂಡು ನಿಂತಿದ್ದಳು. ನನ್ನನ್ನು ನೋಡಿದಳು. ಬಿದ್ದ ಬಟ್ಟೆ ನೋಡಿದಳು. ಏನೋ ಕೇಳಲು ಬಾಯಿ ತೆರೆದಳು.

"ಏನು ಕಂದಾ?"

"ಏನಿಲ್ಲ."

ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು.

ಈ ಸೈಕಲ್ಲನ್ನು ನೀವು ಸ್ವಲ್ಪ ಹೊತ್ತು ಮರೆತುಬಿಡಿ. ನಾನೂ ಮರೆಯುತ್ತೇನೆ. ಕಥೆ ಇರುವುದು ಹಗ್ಗದ ಬಗ್ಗೆ. ಅಡುಗೆಮನೆಯ ಮೇಜಿನ ಮೇಲೆ ಕಾಗದ ಇದೆ, ಒಲೆಯ ಮೇಲೆ ಕುಕ್ಕರ್ ಇದೆ, ಎರಡರ ನಡುವೆ ನಾನಿದ್ದೇನೆ. ಶುರು.

೧ (ಇನ್ನೊಮ್ಮೆ)

ಹನ್ನೆರಡು ಮಹಡಿಯ ಆಫೀಸು ಕಟ್ಟಡದ ಹೊರಗೆ, ಏಳನೇ ಮಹಡಿಯ ಮಟ್ಟದಲ್ಲಿ, ಒಬ್ಬ ಹೆಂಗಸು ಒಂದು ಹಗ್ಗಕ್ಕೆ ಜೋತುಬಿದ್ದು ಕಿಟಕಿಯ ಗಾಜು ಒರೆಸುತ್ತಿದ್ದಳು. ಗಾಳಿಗೆ ಅವಳ ಕೂದಲು ಹಾರುತ್ತಿತ್ತು. ಕೆಳಗೆ ಜನ ಇರುವೆಗಳಂತೆ ಕಾಣುತ್ತಿದ್ದರು.

"ಎರಡು," ಎಂದಳು ಅವಳು.

"ಏನು ಎರಡು?" ಎಂದೆ ನಾನು, ಪೆನ್ನು ತಡೆದು.

"ಹಗ್ಗ. ಒಂದರಲ್ಲಿ ಯಾರ್ರೀ ಇಳೀತಾರೆ? ಒಂದು ಕೆಲಸದ್ದು, ಇನ್ನೊಂದು ಜೀವದ್ದು. ಮೊದಲನೇದು ಕೈಕೊಟ್ರೆ ಎರಡನೇದು ಹಿಡಿಯತ್ತೆ. ನಿಮ್ಮ ಬಟ್ಟೆ ಹಗ್ಗದ ಗತಿ ಈಗಷ್ಟೇ ನೋಡಿದ್ದೀರಿ, ಆದ್ರೂ ನನ್ನನ್ನ ಒಂದೇ ಹಗ್ಗಕ್ಕೆ ತಗುಲಿಸಿದ್ದೀರಲ್ಲ ಮೇಡಂ!"

ತಿದ್ದಿದೆ. ಎರಡು ಹಗ್ಗ.

"ಕೂದಲು ಬೇರೆ ಹಾರತ್ತಂತೆ. ಹೆಲ್ಮೆಟ್ ಒಳಗೆ ಗಂಟು ಹಾಕಿ ತುರುಕಿದ್ದೀನಿ. ಹಾರೋ ಕೂದಲು ಡಿಸೆಂಡರ್‌ಗೆ ಸಿಕ್ಕಿದ್ರೆ ಚರ್ಮದ ಸಮೇತ ಬರತ್ತೆ."

(ಡಿಸೆಂಡರ್ ಎಂದರೆ ಹಗ್ಗವನ್ನು ಕಚ್ಚಿಕೊಂಡು, ಹಿಡಿ ಒತ್ತಿದಾಗ ಮಾತ್ರ ಸಡಿಲ ಬಿಡುವ ಲೋಹದ ಮುಷ್ಟಿ. ನನಗೂ ಈಗ ಅವಳೇ ಹೇಳಿದ್ದು. ಮೊದಲೇ ಗೊತ್ತಿತ್ತು ಎಂಬಂತೆ ಬರೆಯುತ್ತಿದ್ದೇನೆ.)

"ಆ ಇರುವೆ ಸಾಲನ್ನೂ ಹೊಡೆದು ಹಾಕಿ. ಏಳನೇ ಮಹಡಿಯಿಂದ ಜನ ಜನರ ಥರಾನೇ ಕಾಣ್ತಾರೆ. ಬೋಳುತಲೆ ಸ್ವಲ್ಪ ಜಾಸ್ತಿ ಕಾಣ್ತವೆ, ಅಷ್ಟೇ."

ಕುಕ್ಕರ್ ಕೂಗಿತು. ಪೆನ್ನು ಇಟ್ಟು ಎದ್ದೆ.

೩

ಎರಡನೇ ಭಾಗ ಎಲ್ಲಿ ಎಂದು ಹುಡುಕಬೇಡಿ. ಎರಡನೇ ಭಾಗದಲ್ಲಿ ನಾನು ಕುಕ್ಕರ್ ಇಳಿಸಿ, ಮಣ್ಣಾದ ಬಟ್ಟೆಯನ್ನೆಲ್ಲ ಮತ್ತೆ ಜಾಲಿಸಿ, ಹಿಂಡಿ ಬಕೆಟ್ಟಿನಲ್ಲಿ ಹಾಕಿಟ್ಟು, ಗಂಡನ ಕನ್ನಡಕ ಹುಡುಕಿಕೊಟ್ಟೆ. (ಅವರ ತಲೆಯ ಮೇಲೇ ಇತ್ತು.) ಕಥೆಯಲ್ಲಿ ಏನೂ ನಡೆಯಲಿಲ್ಲ.

"ಏನೂ ನಡೀಲಿಲ್ಲ ಅಂತ ಸಲೀಸಾಗಿ ಬರೀತೀರಲ್ಲ! ಇಪ್ಪತ್ತು ನಿಮಿಷದಿಂದ ಇಲ್ಲೇ ಜೋತಾಡ್ತಿದ್ದೀನಿ. ಸೊಂಟಕ್ಕೂ ತೊಡೆಗೂ ಬಿಗಿಯೋ ಈ ಹಾರ್ನೆಸ್ ಅಂದ್ರೆ ಉಯ್ಯಾಲೆ ಅನ್ಕೊಂಡ್ರಾ? ಅಲ್ಲಾಡದೆ ಇದ್ರೆ ತೊಡೆ ಪಟ್ಟಿ ಬಿಗಿದು ರಕ್ತ ಕಾಲಲ್ಲೇ ನಿಂತ್ಬಿಡತ್ತೆ. ಮೊದಲು ತಲೆ ಸುತ್ತತ್ತೆ, ಆಮೇಲೆ ಜ್ಞಾನಾನೇ ತಪ್ಪತ್ತೆ. ನೀವು ಪಾತ್ರೆ ತೊಳೆದು ಬರೋ ಅಷ್ಟರಲ್ಲಿ ನಿಮ್ಮ ನಾಯಕಿ ಕಥೆ ಮುಗಿದಿರತ್ತೆ."

"ತಪ್ಪಾಯ್ತು ಅಕ್ಕ. ಈಗೇನು ಮಾಡಲಿ? ಕೆಳಗಿಳಿಸಿಬಿಡಲಾ?"

"ಗಾಜು ಅರ್ಧ ಒರೆಸಿದೆ, ಬಿಟ್ಟು ಇಳೀತಾರಾ? ಒಂದು ಕೆಲಸ ಮಾಡಿ. ಎದ್ದು ಹೋಗೋ ಮುಂಚೆ ಹೇಳಿ ಹೋಗಿ. 'ಹೋಗ್ತಾ ಇದ್ದೀನಿ' ಅಂದ್ರೆ ಸಾಕು, ನಾನು ಪಾದಕ್ಕೊಂದು ಕುಣಿಕೆ ಸಿಕ್ಕಿಸ್ಕೊಂಡು ಅದರ ಮೇಲೆ ನಿಂತ್ಕೋತೀನಿ, ಎಷ್ಟು ಹೊತ್ತು ಬೇಕಾದ್ರೂ ಕಾಯ್ತೀನಿ. ಹೇಳದೆ ಹೋಗೋದಿದೆಯಲ್ಲ, ಅದು ನಮ್ಮ ಕೆಲಸದಲ್ಲಿ ಇಲ್ಲ."

ಆಗಲಿ ಎಂದೆ. ಜೋತಾಡುವವರ ಜೊತೆ ವಾದ ಮಾಡಬಾರದು.

ಈಗ ಅವಳ ಪರಿಚಯ. ಮೂವತ್ತೇಳು ವರ್ಷ. ಎಲ್ಲರೂ ಹಗ್ಗದಕ್ಕ ಎಂದೇ ಕರೆಯುತ್ತಾರೆ. ಎತ್ತರದ ಕಟ್ಟಡಗಳ ಗಾಜು ಒರೆಸುವುದು, ಗೋಡೆಯ ಬಿರುಕಿಗೆ ಸಿಮೆಂಟು ತುಂಬುವುದು, ಏಣಿ ಮುಟ್ಟದ ಕಡೆ ಬಲ್ಬು ಹಾಕುವುದು ಅವಳ ಕೆಲಸ. ಮೇಲಿಂದ ಏನೂ ಬೀಳಬಾರದೆಂದು ಬ್ರಷ್ಷು, ಮಗ್ಗು, ಫೋನು ಎಲ್ಲಕ್ಕೂ ದಾರ ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾಳೆ. ಈ ಚಟ ಮನೆಗೂ ಬಂದಿದೆ. ಮದುವೆಯ ಹೊಸತರಲ್ಲಿ ಅತ್ತೆಯ ಕನ್ನಡಕಕ್ಕೆ ದಾರ ಕಟ್ಟಿದಳು. ಅತ್ತೆ ಮೂರು ದಿನ ಮಾತು ಬಿಟ್ಟರು. ನಾಲ್ಕನೇ ದಿನ ಬಸ್ಸಿನ ಕಿಟಕಿಯಿಂದ ಇಣುಕುವಾಗ ಕನ್ನಡಕ ಜಾರಿ, ರಸ್ತೆಗೆ ಬೀಳದೆ ಎದೆಯ ಮೇಲೆ ತೂಗಾಡಿತು. ಸಂಜೆಯ ಹೊತ್ತಿಗೆ ಮಾತು ಶುರುವಾಯಿತು. ಮೊದಲ ಮಾತು, "ದಾರದ ಬಣ್ಣ ಚೆನ್ನಾಗಿಲ್ಲ."

ಅವಳ ಮನೆಯ ಹಿತ್ತಲಲ್ಲಿ ಬಟ್ಟೆ ಒಣಗುವುದು ಕೆಲಸದಿಂದ ನಿವೃತ್ತಿಯಾದ ಹಗ್ಗದ ಮೇಲೆ. ಇಬ್ಬರು ಮೂವರನ್ನು ಒಟ್ಟಿಗೆ ತೂಗಬಲ್ಲ ಹಗ್ಗ, ಈಗ ಕಾಲುಚೀಲ ಹೊತ್ತು ಕಾಲ ಕಳೆಯುತ್ತಿದೆ. (ಹೊಟ್ಟೆಕಿಚ್ಚಿನಿಂದ ಬರೆದ ಸಾಲು ಇದು. ನನ್ನ ಬಕೆಟ್ಟು ಇನ್ನೂ ತುಂಬಿಯೇ ಇದೆ.)

೪ (ಬಿಸಾಡಬೇಕೆಂದಿದ್ದ ಡ್ರಾಫ್ಟು)

ಬಂಡೆಯಿಂದ ಶುರು ಮಾಡಿದರೆ ಹೇಗೆ? ಸೂರ್ಯೋದಯ, ಅರವತ್ತು ಅಡಿ ಕಡಿದಾದ ಬಂಡೆ, ಆಟಕ್ಕೆಂದು ಇಳಿಯಲು ಬಂದ ಕಾಲೇಜು ಹುಡುಗ ಹುಡುಗಿಯರು, ಅವರ ನಡುವೆ ಹತ್ತೊಂಬತ್ತು ವರ್ಷದ ಹಗ್ಗದಕ್ಕ, ಆಗಿನ್ನೂ ಬರೀ ಹುಡುಗಿ. ಸೂರ್ಯೋದಯದ ಬಗ್ಗೆಯೇ ಒಂದೂವರೆ ಪುಟ ಬರೆದೆ. ಹೊಡೆದು ಹಾಕಿದೆ. ಆದರೆ ಅಲ್ಲೊಂದು ಸಂಗತಿ ನಡೆಯಿತು, ಅದನ್ನು ಬಿಸಾಡಲಾರೆ.

ಅವತ್ತು ಮೇಲೆ ನಿಂತು ಅವಳ ಎರಡನೇ ಹಗ್ಗ ಹಿಡಿದಿದ್ದವನು ಒಬ್ಬ ಸಿಡುಕ. ಎಲ್ಲರೂ ಅವನನ್ನು ಗಂಟುಮೋರೆ ಎನ್ನುತ್ತಿದ್ದರು. ಇವತ್ತಿಗೂ ಅವಳ ಜೊತೆ ಕೆಲಸ ಮಾಡುವವನು ಅವನೇ, ಮೋರೆಯೂ ಅದೇ. ಹುಡುಗಿ ಉತ್ಸಾಹದಲ್ಲಿ ಅಂಚಿಗೆ ಬೆನ್ನು ಹಾಕಿ ನಿಂತವಳೇ ಹಿಂದಕ್ಕೆ ಒರಗಿಬಿಟ್ಟಳು. ಮೊದಲನೇ ಹಗ್ಗ ಬಿಗಿಯಿತು. ಏನೂ ಆಗಲಿಲ್ಲ. ಗಂಟುಮೋರೆ ಅವಳನ್ನು ಮೇಲಕ್ಕೆಳೆದು ನಿಲ್ಲಿಸಿದ.

"ಕೇಳಿದ್ಯಾ?"

"ಏನು ಕೇಳೋದಣ್ಣ? ಹಿಡ್ಕೊಂಡಿದ್ರಲ್ಲ?"

"ನಾನು ಮೂಗು ಒರೆಸ್ಕೊಳ್ತಿದ್ದೆ."

ಅಷ್ಟೇ ಹೇಳಿದ. ಮಧ್ಯಾಹ್ನದ ಊಟದವರೆಗೂ ಹುಡುಗಿ ಅಂಚಿನ ಹತ್ತಿರ ಸುಳಿಯಲಿಲ್ಲ.

ಅಂದಿನಿಂದ ಒಂದು ಕಟ್ಟಳೆ ಅವಳ ರಕ್ತಕ್ಕೆ ಇಳಿದಿದೆ. ಅಂಚಿನಲ್ಲಿ ನಿಂತವರು ಬಾಯಿ ಬಿಟ್ಟು ಕೇಳಬೇಕು, "ಹಿಡ್ಕೊಂಡಿದ್ದೀಯಾ?" ಹಿಡಿದವರು ಬಾಯಿ ಬಿಟ್ಟು ಹೇಳಬೇಕು, "ಹಿಡ್ಕೊಂಡಿದ್ದೀನಿ." ತಲೆ ಆಡಿಸಿದರೆ ಸಾಲದು, ಹೂಂಗುಟ್ಟಿದರೂ ಸಾಲದು. ಇಳಿದು ನೆಲ ಮುಟ್ಟಿದ ಮೇಲೂ ಹಿಡಿದವರು "ಬಿಡ್ತಾ ಇದ್ದೀನಿ" ಎನ್ನಬೇಕು, ಇಳಿದವರು "ಬಿಡು" ಎಂದ ಮೇಲಷ್ಟೇ ಕೈ ಸಡಿಲಿಸಬೇಕು. ಕಟ್ಟಡದ ಕೆಲಸದಲ್ಲಿ ಎರಡೂ ಹಗ್ಗವನ್ನು ಕಬ್ಬಿಣಕ್ಕೆ ಕಟ್ಟಿರುತ್ತಾರೆ, ಯಾರೂ ಕೈಯಲ್ಲಿ ಹಿಡಿದಿರುವುದಿಲ್ಲ. ಆದರೂ ಅವಳೂ ಗಂಟುಮೋರೆಯೂ ಹದಿನೆಂಟು ವರ್ಷದಿಂದ ದಿನಾ ಕೇಳುತ್ತಾರೆ, ದಿನಾ ಹೇಳುತ್ತಾರೆ. ಎಷ್ಟೋ ದಿನ ಅವರಿಬ್ಬರ ನಡುವೆ ಬೇರೆ ಮಾತೇ ಇರುವುದಿಲ್ಲ.

"ಅಣ್ಣಂಗೆ ಬೇರೆ ಮಾತು ಬರಲ್ಲ," ಎಂದಳು ಅವಳು ಏಳನೇ ಮಹಡಿಯಿಂದ. "ಸೂರ್ಯೋದಯ ಹೊಡೆದು ಹಾಕಿದ್ದು ಒಳ್ಳೇದಾಯ್ತು. ಅವತ್ತು ಮೋಡ ಇತ್ತು."

೫

ಈಗ ಕಥೆಗೆ ಒಂದು ಭಾನುವಾರ ಬೇಕು.

ಊರಿನ ಮಕ್ಕಳ ಆಸ್ಪತ್ರೆಗೆ ಒಂದು ಆಟದ ಕೋಣೆ ಕಟ್ಟಿಸಬೇಕಾಗಿದೆ. ಸೂಜಿ ಹಿಡಿದವರಿಗೆ ಪ್ರವೇಶವಿಲ್ಲದ ಕೋಣೆ. ಅದಕ್ಕಾಗಿ ಬರುವ ಭಾನುವಾರ ಬೆಳಿಗ್ಗೆ ಜನ ಆಸ್ಪತ್ರೆಯ ಆರು ಮಹಡಿಯನ್ನು ಹಗ್ಗದಲ್ಲಿ ಇಳಿಯುತ್ತಾರೆ. ಇಳಿಯುವವರ ಧೈರ್ಯ ಮೆಚ್ಚಿ ನೆಂಟರಿಷ್ಟರು ಕೈಲಾದಷ್ಟು ಕೊಡುತ್ತಾರೆ. ಎಂಟು ವರ್ಷ ದಾಟಿದ ಮಕ್ಕಳೂ ಇಳಿಯಬಹುದು. ಹಗ್ಗದ ಉಸ್ತುವಾರಿ ಹಗ್ಗದಕ್ಕ ಮತ್ತು ಗಂಟುಮೋರೆಯದು. ಇಳಿಯುವವರು ಹೊಸಬರಾದ್ದರಿಂದ ಆ ದಿನ ಎರಡನೇ ಹಗ್ಗ ಕಬ್ಬಿಣಕ್ಕಲ್ಲ, ಮೇಲೆ ನಿಂತವರ ಕೈಗೆ.

ಹಗ್ಗದಕ್ಕನಿಗೆ ಹತ್ತು ವರ್ಷದ ಮಗಳಿದ್ದಾಳೆ. ಅರ್ಜಿಯನ್ನು ಅವಳೇ ತುಂಬಿದಳು. ಹೆಸರು, ವಯಸ್ಸು, ತೂಕ ಎಲ್ಲ ಬರೆದಳು. 'ನಿಮ್ಮ ಹಗ್ಗ ಹಿಡಿಯುವವರು' ಎಂಬ ಕಡೆ ಮಾತ್ರ ಖಾಲಿ ಬಿಟ್ಟಳು.

"ಅಮ್ಮ ಅಂತ ಬರೆಯೋದಲ್ವಾ ಪುಟ್ಟಿ?" ಎಂದು ಕೇಳಿದಳು ತಾಯಿ, ಅರ್ಜಿಯನ್ನು ಒಗೆದ ಬಟ್ಟೆ ನೋಡಿದ ಹಾಗೆ ಬೆಳಕಿಗೆ ಹಿಡಿದು.

"ಆಮೇಲೆ ಬರೀತೀನಿ."

ಆ ಆಮೇಲೆ ಇನ್ನೂ ಬಂದಿಲ್ಲ. ಏಕೆಂದರೆ ಹುಡುಗಿಯ ಗದ್ದದ ಮೇಲೆ ಮೂರು ಹೊಲಿಗೆಯ ಗುರುತಿದೆ. ಹೊಲಿಗೆ ಹಾಕಿದ್ದು ಇದೇ ಆಸ್ಪತ್ರೆಯಲ್ಲಿ. ಐದು ತಿಂಗಳ ಹಿಂದೆ.

೬

ಐದು ತಿಂಗಳ ಹಿಂದೆ ಹಗ್ಗದಕ್ಕ ಮಗಳಿಗೆ ಸೈಕಲ್ ಕಲಿಸುತ್ತಿದ್ದಳು. ಹಿಂದಿನಿಂದ ಸೀಟು ಹಿಡಿದುಕೊಂಡು ಬಗ್ಗಿ ಓಡುತ್ತಿದ್ದಳು. "ಅಮ್ಮಾ, ಹಿಡ್ಕೊಂಡಿದ್ದೀಯಾ?" "ಹಿಡ್ಕೊಂಡಿದ್ದೀನಿ!" ಹೀಗೆ ಎಂಟು ಸಲ. ಏಳು ಸಲ ನಿಜ. ಎಂಟನೇ ಸಲ ಸೈಕಲ್ಲು ತಾನಾಗಿಯೇ ಎಷ್ಟು ಚಂದ ಹೋಗುತ್ತಿತ್ತೆಂದರೆ, ತಾಯಿಯ ಕೈ ತಾನಾಗಿಯೇ ಬಿಟ್ಟಿತ್ತು, ಬಾಯಿ ಮಾತ್ರ "ಹಿಡ್ಕೊಂಡಿದ್ದೀನಿ" ಎಂದು ಕೂಗುತ್ತಲೇ ಇತ್ತು. ಹುಡುಗಿಗೆ ಧ್ವನಿ ದೂರದಿಂದ ಬಂದ ಹಾಗೆ ಕೇಳಿಸಿತು. ತಿರುಗಿ ನೋಡಿದಳು. ಇಪ್ಪತ್ತು ಹೆಜ್ಜೆ ಹಿಂದೆ ಅಮ್ಮ ಎರಡೂ ಕೈ ಮೇಲೆತ್ತಿ ಕುಣಿಯುತ್ತಿದ್ದಳು. ಹುಡುಗಿ ಬಿದ್ದದ್ದು ಅಮ್ಮ ಬಿಟ್ಟದ್ದಕ್ಕಲ್ಲ, ತಿರುಗಿ ನೋಡಿದ್ದಕ್ಕೆ.

ಅಂದಿನಿಂದ ಆ ಮಗು ಅಮ್ಮನನ್ನು ಆ ಪ್ರಶ್ನೆ ಕೇಳಿಲ್ಲ. ರಸ್ತೆ ದಾಟುವಾಗಲೂ ಕೇಳಿಲ್ಲ.

"ನಾನಲ್ಲ," ಎಂದಳು ಹಗ್ಗದಕ್ಕ.

"ಏನು ನೀವಲ್ಲ?"

"ಈ ಪುಟ. ಹೊಡೆದು ಹಾಕಿ. ಹದಿನೆಂಟು ವರ್ಷ ಆ ಒಂದು ಮಾತಿನ ಮೇಲೆ ಅನ್ನ ತಿಂದಿದ್ದೀನಿ. ಕೈ ಬಿಟ್ಟು 'ಹಿಡ್ಕೊಂಡಿದ್ದೀನಿ' ಅನ್ನೋಳಾ ನಾನು? ಬಡ್ಡಿಮಗಂದು ಸೈಕಲ್ಲು! ಗಂಟುಮೋರೆ ಅಣ್ಣ ಇದನ್ನ ಓದಿದ್ರೆ ನಾಳೆಯಿಂದ ನನ್ನ ಜೊತೆ ಇಳಿಯಲ್ಲ."

"ಕಥೆಗೆ ಬೇಕು ಅಕ್ಕ."

"ಕಥೆಗೆ ಬೇಕಾದ್ರೆ ಬೇರೆ ಯಾರ ಮೇಲಾದ್ರೂ ಹಾಕಿ. ಟೀಚರ್ ಮೇಲೆ ಹಾಕಿ, ಡ್ರೈವರ್ ಮೇಲೆ ಹಾಕಿ. ಹಗ್ಗದವಳ ಮೇಲೆ ಬೇಡ."

"ಹಗ್ಗದವಳು ಮಾಡಿದ್ರೇನೇ ಅದು ತಪ್ಪು. ಬೇರೆಯವರು ಮಾಡಿದ್ರೆ ಸೈಕಲ್ ಕಲಿಸಿದ್ದು."

ಅವಳು ಗಾಜು ಒರೆಸುವುದನ್ನು ನಿಲ್ಲಿಸಿದಳು. ಗಾಜಿನ ಒಳಗಡೆ ಯಾರೋ ಮೀಟಿಂಗಿನಲ್ಲಿ ಆಕಳಿಸುತ್ತಿದ್ದರು. ಅವರ ಬಾಯಿಯ ಮೇಲೆಯೇ ಒಂದು ಸೋಪಿನ ಗೆರೆ ಉಳಿದಿತ್ತು.

"ಮೇಡಂ," ಎಂದಳು, ಧ್ವನಿ ತಗ್ಗಿಸಿ. "ಆ ಸೈಕಲ್ ಯಾರದ್ದು?"

(ಸೈಕಲ್ಲನ್ನು ಮರೆತುಬಿಡಿ ಎಂದು ನಿಮಗೆ ಹೇಳಿದ್ದೆ. ನೀವೂ ಮರೆತಿಲ್ಲ, ಇವಳೂ ಮರೆತಿಲ್ಲ.)

ಸರಿ. ಮೂರು ಹೊಲಿಗೆ ನನ್ನ ಮಗಳದು. ಎರಡೂ ಕೈ ಎತ್ತಿ ಕುಣಿದವಳು ನಾನು. ಎಲ್ಲರೂ ಹಾಗೇ ಕಲಿಸುವುದು, ಬಿಡದೆ ಯಾರು ಕಲಿತಿದ್ದಾರೆ ಎಂದು ಗಂಡ ಹೇಳಿದರು, ಡಾಕ್ಟರೂ ಹೇಳಿದರು. ನಾನೂ ಮಗಳಿಗೆ ಅದನ್ನೇ ಹೇಳಿದೆ. ಅವಳು ಕೇಳಿಸಿಕೊಂಡಳು, ಸೈಕಲ್ಲಿಗೆ ಪರದೆ ಹೊದಿಸಿದಳು. ಅವಳಿಗೆ ನನ್ನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದರೆ ಸಮಾಧಾನ ಮಾಡಬಹುದಿತ್ತು.

"ಬಿಟ್ಟಿದ್ದು ತಪ್ಪಲ್ಲ ಮೇಡಂ," ಎಂದಳು ಹಗ್ಗದಕ್ಕ. "ಯಾರನ್ನಾದ್ರೂ ಒಂದಿನ ಬಿಡ್ಲೇಬೇಕು. ಬಿಟ್ಟ ಮೇಲೂ ಹಿಡ್ಕೊಂಡಿದ್ದೀನಿ ಅಂತ ಕೂಗ್ತಾ ಓಡಿದ್ರಲ್ಲ, ಅದು."

ನಾನು ಪೆನ್ನಿನ ಮುಚ್ಚಳ ಹಾಕಿದೆ, ಮತ್ತೆ ತೆಗೆದೆ.

"ಆಯ್ತು, ಪುಟ ಹೊಡೀಬೇಡಿ. ನಾನೇ ಹೊರ್ತೀನಿ. ಇನ್ನೊಬ್ಬರ ತೂಕಾನೂ ಸೇರಿಸಿ ತಡೀಬೇಕು ಅಂತಾನೇ ಈ ಹಗ್ಗ ಮಾಡಿರೋದು. ಆದ್ರೆ ಒಂದು ಮಾತು. ಭಾನುವಾರಾನ ಸಿಹಿ ಮಾಡಿ ಮುಗಿಸಬೇಡಿ."

೭ (ಭಾನುವಾರ, ಹಲವು ಸಲ)

ಹಗ್ಗದಕ್ಕ ಏಳನೇ ಮಹಡಿಯಲ್ಲಿರುವುದು ಗುರುವಾರ. ಭಾನುವಾರ ಇನ್ನೂ ಬಂದಿಲ್ಲ. ಆದ್ದರಿಂದ ನಾನು ಎಷ್ಟು ಭಾನುವಾರಗಳನ್ನು ಬೇಕಾದರೂ ಬರೆಯಬಹುದು.

ಎಲ್ಲ ಭಾನುವಾರಗಳಲ್ಲೂ ಒಂದು ಸಂಗತಿ ಬದಲಾಗುವುದಿಲ್ಲ. ಮೊದಲು ಇಳಿಯುವವರು ಅತ್ತೆ. ಅರವತ್ತೆಂಟು ವರ್ಷ. ಸೊಸೆಯ ಕೆಲಸವನ್ನು ಹನ್ನೆರಡು ವರ್ಷದಿಂದ "ಗೋಡೆಗೆ ಹಲ್ಲಿ ಥರ ಅಂಟ್ಕೊಳ್ಳೋ ಕೆಲಸ" ಎಂದು ಹಂಗಿಸಿದವರು ಯಾರಿಗೂ ಹೇಳದೆ ಅರ್ಜಿ ಹಾಕಿಬಿಟ್ಟಿದ್ದಾರೆ. (ಅವರನ್ನು ತಡೆಯಲು ನೋಡಿದೆ. ಮೂರು ಸಲ ಹೊಡೆದು ಹಾಕಿದೆ. ಮೂರು ಸಲವೂ ಮುಂದಿನ ಪುಟದಲ್ಲಿ ಹೆಲ್ಮೆಟ್ ಹಾಕಿಕೊಂಡು ನಿಂತಿದ್ದರು.) ಹಗ್ಗದಕ್ಕನ ಗಂಡ ಕೆಳಗೆ ಎಲ್ಲರ ಚಪ್ಪಲಿ ಕಾಯುತ್ತಿದ್ದಾನೆ. ಸ್ಟೂಲು ಹತ್ತಿದರೂ ತಲೆ ತಿರುಗುವ ಮನುಷ್ಯ, ಮೇಲೆ ನೋಡುತ್ತಲೇ ಇಲ್ಲ.

ಅತ್ತೆ ಅಂಚಿಗೆ ಬೆನ್ನು ಹಾಕಿ, ಕನ್ನಡಕದ ದಾರ ಸರಿಮಾಡಿಕೊಂಡು, ಇಡೀ ಆಸ್ಪತ್ರೆಗೆ ಕೇಳುವಂತೆ ಕೂಗಿದರು.

"ಹಿಡ್ಕೊಂಡಿದ್ದೀಯೇನೇ?"

"ಹಿಡ್ಕೊಂಡಿದ್ದೀನಿ ಅತ್ತೆ."

"ಜೋರಾಗಿ ಹೇಳು! ಹನ್ನೆರಡು ವರ್ಷದಲ್ಲಿ ಒಂದ್ಸಲಾನೂ ನಾನು ಕೇಳಿದ್ದಕ್ಕೆ ನೀನು ಜೋರಾಗಿ ಉತ್ತರ ಕೊಟ್ಟಿಲ್ಲ."

"ಹಿಡ್ಕೊಂಡಿದ್ದೀನಿ ಅತ್ತೇ!"

"ಹಾಂ. ಹೀಗಿರ್ಬೇಕು. ಮನೇಲೂ ಹೀಗೇ ಮಾತಾಡು."

ಇಳಿದರು. ಮೂರನೇ ಮಹಡಿಯ ಕಿಟಕಿಯಲ್ಲಿ ಕೈಗೆ ಬ್ಯಾಂಡೇಜು ಸುತ್ತಿದ ಒಂದು ಮಗುವಿಗೆ ನಾಲಿಗೆ ಚಾಚಿ ಅಣಕಿಸಿ, ಮಗು ವಾಪಸು ಅಣಕಿಸುವವರೆಗೂ ಅಲ್ಲೇ ನಿಂತು, ಆಮೇಲೆ ಇಳಿದರು.

ಈಗ ಮಗಳ ಸರದಿ. ಅಂಚಿಗೆ ಬೆನ್ನು ಹಾಕಿ ನಿಂತಿದ್ದಾಳೆ. ಎರಡನೇ ಹಗ್ಗ ತಾಯಿಯ ಕೈಯಲ್ಲಿದೆ. ಗಂಟುಮೋರೆ ಎಲ್ಲ ಕೊಂಡಿಗಳನ್ನು ಮುಟ್ಟಿ ಮುಟ್ಟಿ ನೋಡಿ ಪಕ್ಕಕ್ಕೆ ಸರಿದಿದ್ದಾನೆ. "ಹಿಡ್ಕೊಂಡಿದ್ದೀಯಾ" ಎಂದು ಬಾಯಿ ಬಿಟ್ಟು ಕೇಳದವರನ್ನು ಅವನು ಇಳಿಯಲು ಬಿಡುವುದಿಲ್ಲ. ತಾಯಿ ಕಾಯುತ್ತಿದ್ದಾಳೆ.

ಕೊನೆ ಅ: ಮಗಳು ಕೇಳುತ್ತಾಳೆ, ತಾಯಿ ಹೇಳುತ್ತಾಳೆ, ಕಣ್ಣೀರು, ಚಪ್ಪಾಳೆ. "ಸಿಹಿ ಬೇಡ ಅಂದಿದ್ನಲ್ಲ," ಎಂದಳು ಹಗ್ಗದಕ್ಕ. ಹರಿದು ಹಾಕಿದೆ.

ಕೊನೆ ಆ: ಮಗಳು ಕೇಳುವುದಿಲ್ಲ. ಹಾರ್ನೆಸ್ ಬಿಚ್ಚಿಟ್ಟು, ಆರು ಮಹಡಿಯ ಮೆಟ್ಟಿಲು ಇಳಿದು ಹೋಗುತ್ತಾಳೆ. ತಾಯಿ ಮೇಲೆಯೇ ನಿಂತು, ಖಾಲಿ ಹಗ್ಗವನ್ನು ಇನ್ನೂ ಹಿಡಿದುಕೊಂಡೇ ಇರುತ್ತಾಳೆ. ಇದನ್ನು ಬರೆದು ಮುಗಿಸುವಷ್ಟರಲ್ಲಿ ನನ್ನ ಮೂಗು ಸೋರತೊಡಗಿತು. ಇದನ್ನೂ ಹರಿದು ಹಾಕಿದೆ, ಸಣ್ಣ ಸಣ್ಣ ಚೂರಾಗಿ.

ಕೊನೆ ಇ: ಮಗಳು ಅಮ್ಮನ ಬದಲು ಗಂಟುಮೋರೆಯನ್ನು ಕೇಳುತ್ತಾ—

"ಅದು ಮಾತ್ರ ಬೇಡ," ಎಂದಳು ಹಗ್ಗದಕ್ಕ. ಧ್ವನಿಯಲ್ಲಿ ಹುಡುಗಾಟವಿರಲಿಲ್ಲ.

"ಹಾಗಾದ್ರೆ ನೀವೇ ಹೇಳಿ ಅಕ್ಕ. ನನಗೆ ಗೊತ್ತಾಗ್ತಿಲ್ಲ."

ಅವಳು ಒರೆಸುವ ರಬ್ಬರನ್ನು ಸೊಂಟಕ್ಕೆ ಸಿಕ್ಕಿಸಿ, ಮುಷ್ಟಿಯಿಂದ ಮೂಗು ಉಜ್ಜಿಕೊಂಡಳು.

"ಅವಳ ಬಾಯಿಂದ ಹೇಗೆ ಕೇಳಿಸೋದು ಅಂತಾನೇ ಯೋಚಿಸ್ತಿದ್ದೀರಿ, ಅಲ್ವಾ? ಅವಳು ಕೇಳೋ ಮುಂಚೆ ನಾನು ಕೇಳ್ಬೇಕು. ಆಸ್ಪತ್ರೆ ಟೆರೇಸಿನ ಮೇಲೆ ಮೆಟ್ಟಿಲಿನ ಕೋಣೆ ಇರತ್ತೆ, ಹತ್ತಡಿ ಎತ್ತರ. ಹೊಸಬರಿಗೆ ಮೊದಲು ಅಲ್ಲೇ ಅಭ್ಯಾಸ. ಅದರ ಮೇಲೆ ಅಂಚಿಗೆ ಬೆನ್ನು ಹಾಕಿ ನಾನು ನಿಲ್ತೀನಿ. ಹಗ್ಗ ಅವಳ ಕೈಗೆ ಕೊಡಿ. ಇನ್ನೊಂದು ಹಗ್ಗ ಅಣ್ಣ ಹಿಡೀಲಿ, ಭಯ ಇಲ್ಲ. ನಾನು ಕೇಳ್ತೀನಿ, ಹಿಡ್ಕೊಂಡಿದ್ದೀಯಾ ಪುಟ್ಟಿ ಅಂತ. ಅವಳು ಹೇಳೋವರೆಗೂ ಒರಗಲ್ಲ. ಹೇಳಿದ ಮೇಲೆ ಪೂರ್ತಿ ಒರಗ್ತೀನಿ, ಅರ್ಧಂಬರ್ಧ ಅಲ್ಲ. ಆ ಮಾತು ಎಷ್ಟು ಭಾರ ಅಂತ ಅವಳ ಕೈಗೆ ಗೊತ್ತಾಗಬೇಕು. ನಾನು ಅವಳನ್ನ ನಂಬ್ತೀನಿ ಅಂತಾನೂ ಗೊತ್ತಾಗಬೇಕು."

"ಅವಳು ಹೇಳದೇ ಇದ್ರೆ?"

"ಕಾಯ್ತೀನಿ. ಕಾಯೋದು ಅಭ್ಯಾಸ ಆಗಿದೆ ನಂಗೆ, ನಿಮ್ಮ ದಯದಿಂದ."

"ಆಮೇಲೆ? ಆರು ಮಹಡಿ ಇಳೀತಾಳಾ?"

"ಅದನ್ನ ಅವಳಿಗೆ ಬಿಡಿ. ಮೊದಲು ನಿಮ್ಮ ಬಕೆಟ್ ಕಡೆ ನೋಡಿ, ಬಟ್ಟೆ ಮುಗ್ಗಲು ವಾಸನೆ ಹೊಡೆಯತ್ತೆ."

೮

"ಹೋಗ್ತಾ ಇದ್ದೀನಿ ಅಕ್ಕ," ಎಂದೆ ಈ ಸಲ.

ಅವಳು ಕುಣಿಕೆಗೆ ಪಾದ ಸಿಕ್ಕಿಸಿಕೊಂಡು ನೆಟ್ಟಗೆ ನಿಂತಳು. "ಹೋಗಿ," ಎಂದಳು. ಪೆನ್ನು ಕೆಳಗಿಟ್ಟೆ.

ಹಿತ್ತಲಿಗೆ ಹೋಗಿ ಕಿತ್ತುಬಂದ ಹಗ್ಗ ಎತ್ತಿಕೊಂಡೆ. ಗೋಡೆಗೆ ಹೊಸ ಮೊಳೆ ಹೊಡೆದೆ. ಪಕ್ಕದಲ್ಲೇ ಇನ್ನೊಂದು ಹೊಡೆದೆ, ಎರಡನೇ ಹಗ್ಗಕ್ಕೆ. (ನಗಬೇಡಿ. ನೀವು ಅವಳ ಬೈಗುಳ ತಿಂದಿಲ್ಲ.) ಇತ್ತ ಕಡೆ ಕಟ್ಟಿದ್ದಾಯಿತು. ಅತ್ತ ಕಡೆ ಕಂಬಕ್ಕೆ ಕಟ್ಟುವಾಗ ಯಾರಾದರೂ ಹಗ್ಗವನ್ನು ಬಿಗಿಯಾಗಿ ಎಳೆದು ಹಿಡಿದುಕೊಳ್ಳಬೇಕು, ಇಲ್ಲದಿದ್ದರೆ ನಡುವೆ ಜೋಲು ಬೀಳುತ್ತದೆ.

"ಕಂದಾ, ಸ್ವಲ್ಪ ಬರ್ತೀಯಾ?"

ಬಂದಳು. ಗೋಡೆಗೆ ಒರಗಿದ್ದ ಸೈಕಲ್ಲನ್ನು ದಾಟಿಕೊಂಡೇ ಬರಬೇಕಿತ್ತು. ದಾಟುವಾಗ ಅದರ ಬೆಲ್ಲನ್ನು ಬೆರಳಿನಿಂದ ಮುಟ್ಟಿದಳು, ಬಾರಿಸಲಿಲ್ಲ. ಹಗ್ಗದ ತುದಿಯನ್ನು ಅವಳ ಕೈಗೆ ಕೊಟ್ಟೆ. ನಾನು ಸ್ಟೂಲಿನ ಮೇಲೆ ಹತ್ತಿ ಒಂದು ಕೈಯಲ್ಲಿ ಅದೇ ಹಗ್ಗವನ್ನು ಹಿಡಿದು ಕಂಬದ ಕಡೆ ವಾಲಲು ಸಿದ್ಧಳಾದೆ. ಸ್ಟೂಲಿಗೆ ಒಂದು ಕಾಲು ಗಿಡ್ಡ. ಹಗ್ಗ ಸಡಿಲವಾದರೆ ನಾನು ಮಣ್ಣಿಗೆ, ಬೆಳಗಿನ ಬೆಡ್‌ಶೀಟಿನ ಹಾದಿಯಲ್ಲೇ.

"ಹಿಡ್ಕೊಂಡಿದ್ದೀಯಾ?" ಎಂದು ಕೇಳಿದೆ.

ತಕ್ಷಣ ಹೂಂ ಎಂದುಬಿಡುತ್ತಾಳೆ ಎಂದುಕೊಂಡಿದ್ದೆ. ಅವಳು ಹೂಂ ಎನ್ನಲಿಲ್ಲ. ಹಗ್ಗವನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ಸ್ಟೂಲಿನ ಗಿಡ್ಡ ಕಾಲನ್ನೂ ನೋಡಿದಳು.

"ತಾಳು," ಎಂದಳು. ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡಳು. ಚಪ್ಪಲಿ ಬಿಟ್ಟು ನೆಲಕ್ಕೆ ಪಾದ ಊರಿದಳು. ಗದ್ದದ ಮೇಲಿನ ಗುರುತು ಬಿಗಿಯಿತು. "ಈಗ ಹಿಡ್ಕೊಂಡಿದ್ದೀನಿ."

ಪೂರ್ತಿ ವಾಲಿದೆ.

ಗಂಟು ಹಾಕುವುದಕ್ಕೆ ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ತೆಗೆದುಕೊಂಡೆ. ಒಪ್ಪಿಕೊಳ್ಳುತ್ತೇನೆ. ಎರಡನೇ ಹಗ್ಗಕ್ಕೂ ಹಾಗೆಯೇ ಕೇಳಿದೆ, ಹಾಗೆಯೇ ಹೇಳಿದಳು.

"ಅಮ್ಮಾ, ಬಿಡ್ಲಾ?" ಎಂದಳು, ಕೊನೆಯ ಗಂಟು ಬಿಗಿದ ಮೇಲೆ.

ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮೇಜಿನ ಮೇಲಿನ ಕಾಗದ ಓದಿದ್ದಾಳೋ ಏನೋ, ನಾನು ವಿಚಾರಿಸಲಿಲ್ಲ.

"ಬಿಡು," ಎಂದೆ.

ಬಿಟ್ಟಳು. ಹಗ್ಗ ನಿಂತಿತು. ಸ್ಟೂಲಿನಿಂದ ಇಳಿದೆ. ಇಬ್ಬರೂ ಸೇರಿ ಬಟ್ಟೆ ಹರವಿದೆವು. ಅವಳು ಅಂಗಿಗಳನ್ನು ತಲೆಕೆಳಗಾಗಿ ಹಾಕಿದಳು, ನಾನು ಸರಿ ಮಾಡಲಿಲ್ಲ.

ಇನ್ನು ನೀವು ಕೊನೆ ಕೇಳುತ್ತೀರಿ. ಭಾನುವಾರ ಆ ಹುಡುಗಿ ಆರು ಮಹಡಿ ಇಳಿದಳೇ? ಖಾಲಿ ಬಿಟ್ಟ ಕಡೆ ಯಾರ ಹೆಸರು ಬರೆದಳು? ಅತ್ತೆ ಎರಡನೇ ಸಲ ಇಳಿಯುತ್ತೇನೆಂದು ಹಟ ಹಿಡಿದರೇ? (ಇದಕ್ಕೆ ಮಾತ್ರ ಉತ್ತರ ಕೊಡಬಲ್ಲೆ. ಹಿಡಿದರು.) ಉಳಿದದ್ದು ನನಗೆ ಗೊತ್ತಿಲ್ಲ. ಅಲ್ಲಿ ಇನ್ನೂ ಗುರುವಾರ. ಹಗ್ಗದಕ್ಕ ಏಳನೇ ಮಹಡಿಯಲ್ಲಿ ಕುಣಿಕೆಯ ಮೇಲೆ ನಿಂತು ಕಾಲು ಆಡಿಸುತ್ತಿದ್ದಾಳೆ, ಸೋಪಿನ ಆ ಗೆರೆ ಅಲ್ಲೇ ಇದೆ. ಅವಳಿಗೆ ಹೇಳಿ ಬಂದಿದ್ದೇನೆ, ಆದ್ದರಿಂದ ಅವಸರವಿಲ್ಲ. ಅವಳಿಗೊಂದು ಕೊನೆ ಬೇಕೇಬೇಕು ಎಂದು ನಿಮಗೆ ಅನಿಸಿದರೆ, ಹರಿದು ಹಾಕಿದ ಚೂರುಗಳು ಕಸದಬುಟ್ಟಿಯಲ್ಲಿವೆ. ಜೋಡಿಸಿಕೊಳ್ಳಿ.

ನನಗೆ ಈಗ ಪುರುಸೊತ್ತಿಲ್ಲ. ಕೈ ಒರೆಸಿಕೊಳ್ಳುತ್ತ ತಿರುಗಿದರೆ ಮಗಳು ಸೈಕಲ್ಲಿನ ಮೇಲೆ ಕೂತಿದ್ದಾಳೆ. ಒಂದು ಕಾಲು ನೆಲದ ಮೇಲೆ, ಇನ್ನೊಂದು ಪೆಡಲಿನ ಮೇಲೆ. ಬೆನ್ನು ನನ್ನ ಕಡೆಗಿದೆ. ಸೀಟಿನ ಹಿಂಬದಿಯನ್ನು ನಾನು ಹಿಡಿದುಕೊಂಡೆ, ಬಾಯಿ ಬಿಟ್ಟು "ಹಿಡ್ಕೊಂಡಿದ್ದೀನಿ" ಎಂದೇ ಹೇಳಿದೆ. ಅವಳು ಹೊರಡಲಿಲ್ಲ. ತಿರುಗಿಯೂ ನೋಡಲಿಲ್ಲ. ಎದುರಿನ ದಾರಿಯನ್ನೇ ನೋಡುತ್ತ, ಬೆಳಗಿನಿಂದ ಬಾಯಲ್ಲೇ ಇಟ್ಟುಕೊಂಡಿದ್ದನ್ನು ಜೋರಾಗಿ ಕೇಳಿದಳು.

"ಅಮ್ಮಾ, ಬಿಡೋವಾಗ ಹೇಳಿ ಬಿಡ್ತೀಯಾ?"